ಒಬ್ಬ ಆಟಗಾರನಿಗಾಗಿ ಬದಲಾದ ನಿಯಮಗಳು



ಆಟದ ನಿಯಮಗಳಿಗೆ ಆಟಗಾರ ಹೊಂದಿಕೊಳ್ಳುವುದು ವಾಡಿಕೆ. ಒಬ್ಬ ಆಟಗಾರನನ್ನು ಕಟ್ಟಿಹಾಕಲು ಆಟವೇ ತನ್ನ ನಿಯಮಗಳನ್ನು ತಿದ್ದಿಕೊಳ್ಳುವುದು ಅಪರೂಪ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನ ಮೊದಲ ಮಹಾತಾರೆ ಜಾರ್ಜ್ ಮೈಕನ್ ಅಂಥ ಆಟಗಾರರಾಗಿದ್ದರು.

1924ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಹುಟ್ಟಿದ ಮೈಕನ್ ಆರು ಅಡಿ ಹತ್ತು ಅಂಗುಲ ಎತ್ತರದ ಆಳು. ಕಣ್ಣಿಗೆ ದಪ್ಪ ಗಾಜಿನ ಕನ್ನಡಕ. ಅಷ್ಟು ಎತ್ತರದವರ ಮೈ ಚುರುಕಾಗಿ ಬಾಗದು, ಅವರು ಆಟಕ್ಕೆ ಒಗ್ಗುವುದಿಲ್ಲ ಎಂಬ ನಂಬಿಕೆ ಆಗ ಬಲವಾಗಿತ್ತು. ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದ ತರಬೇತುದಾರ ರೇ ಮೇಯರ್ ಮಾತ್ರ ಹಾಗೆ ತಿಳಿಯಲಿಲ್ಲ. ಹಗ್ಗ ಹಾರಿಸಿದರು, ಬಾಕ್ಸಿಂಗ್ ಮಾಡಿಸಿದರು, ನೃತ್ಯವನ್ನೂ ಕಲಿಸಿದರು. ಬುಟ್ಟಿಯ ಕೆಳಗೆ ನಿಂತು ಬಲಗೈ, ಎಡಗೈಗಳಿಂದ ಒಂದಾದ ಮೇಲೊಂದರಂತೆ ಚೆಂಡು ಹಾಕುವ ಆ ಅಭ್ಯಾಸ ಇಂದಿಗೂ ‘ಮೈಕನ್ ಡ್ರಿಲ್’ ಎಂದೇ ಪ್ರಸಿದ್ಧ.

ಫಲ ಬೇಗನೆ ಕಂಡಿತು. ಎದುರಾಳಿ ಎಸೆದ ಚೆಂಡು ಬುಟ್ಟಿಗೆ ಇಳಿಯುತ್ತಿರುವಾಗಲೇ ಮೈಕನ್ ಕೈಚಾಚಿ ಅದನ್ನು ತಳ್ಳಿಬಿಡುತ್ತಿದ್ದರು. ಮೈಕನ್ ಮತ್ತು ಬಾಬ್ ಕರ್ಲಂಡ್‌ರಂಥ ಎತ್ತರದವರ ಈ ತಡೆಯನ್ನು ಕಾಲೇಜು ಆಟದಲ್ಲಿ 1944ರಲ್ಲಿ ನಿಷೇಧಿಸಲಾಯಿತು. ಅದು ಮೊದಲ ಬೇಲಿ.

1947ರಲ್ಲಿ ಮೈಕನ್ ಮಿನಿಯಾಪೊಲಿಸ್ ಲೇಕರ್ಸ್ ತಂಡ ಸೇರಿದರು. 1949ರಲ್ಲಿ ಎರಡು ಲೀಗ್‌ಗಳು ಒಂದಾಗಿ ಎನ್‌ಬಿಎ ಎನಿಸಿಕೊಂಡವು. ಅದೇ ವರ್ಷ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ತನ್ನ ಫಲಕದಲ್ಲಿ ಲೇಕರ್ಸ್ ಎಂದು ಬರೆಯಲಿಲ್ಲ. ನಿಕ್ಸ್ ತಂಡದ ಎದುರಾಳಿಯಾಗಿ ಮೈಕನ್ ಹೆಸರನ್ನೇ ಹಾಕಿತು. ಜನ ಬರುತ್ತಿದ್ದುದು ಆ ಹೆಸರಿಗೆ. 1949ರಿಂದ 1954ರ ನಡುವೆ ಲೇಕರ್ಸ್ ಐದು ಸಲ ಚಾಂಪಿಯನ್ ಆಯಿತು.

ಎದುರಾಳಿಗಳಿಗೆ ಉಳಿದದ್ದು ಚೆಂಡನ್ನು ಅವರಿಗೆ ಸಿಗದಂತೆ ಬಚ್ಚಿಡುವ ಉಪಾಯ. 1950ರ ನವೆಂಬರ್ 22ರಂದು ಫೋರ್ಟ್ ವೇಯ್ನ್ ಪಿಸ್ಟನ್ಸ್ ಹೊತ್ತು ಕಳೆಯುತ್ತಲೇ ಆಡಿ 19–18ರಿಂದ ಗೆದ್ದಿತು. ಲೇಕರ್ಸ್‌ನ 18 ಅಂಕಗಳಲ್ಲಿ 15 ಮೈಕನ್ ಅವರವೇ! ಮರುವರ್ಷ ಬುಟ್ಟಿಯ ಮುಂದಿನ ಓಣಿಯನ್ನು 6 ಅಡಿಯಿಂದ 12 ಅಡಿಗೆ ಅಗಲಿಸಿ ಅವರನ್ನು ದೂರ ಸರಿಸಲಾಯಿತು. ಅವರು ಗೆಲ್ಲುವುದನ್ನು ಬಿಡಲಿಲ್ಲ. ಇಂಥ ನಿಧಾನದ ಆಟದಿಂದ ಪ್ರೇಕ್ಷಕರು ಬೇಸತ್ತಾಗ, 24 ಸೆಕೆಂಡುಗಳೊಳಗೆ ಚೆಂಡು ಎಸೆಯಲೇಬೇಕೆಂಬ ನಿಯಮ 1954ರಲ್ಲಿ ಬಂತು.

ಸೋಜಿಗವೆಂದರೆ, ಬುಟ್ಟಿಯ ಪಕ್ಕದಲ್ಲೇ ನಿಂತು ಹೆಸರಾದ ಇದೇ ವ್ಯಕ್ತಿ 1967ರಲ್ಲಿ ಎಬಿಎ ಎಂಬ ಹೊಸ ಲೀಗ್‌ನ ಮೊದಲ ಕಮಿಷನರ್ ಆಗಿ, ದೂರದಿಂದ ಎಸೆದ ಚೆಂಡಿಗೆ ಮೂರು ಅಂಕ ಕೊಡುವ ನಿಯಮವನ್ನು ತಂದರು. ಎನ್‌ಬಿಎ ಅದನ್ನು 1979ರಲ್ಲಿ ಒಪ್ಪಿಕೊಂಡಿತು.

ಕೊನೆಗಾಲ ಸುಖದ್ದಾಗಿರಲಿಲ್ಲ. ಸಕ್ಕರೆ ಕಾಯಿಲೆಯಿಂದ 2000ದಲ್ಲಿ ಒಂದು ಕಾಲು ಹೋಯಿತು. 1965ಕ್ಕಿಂತ ಮೊದಲು ನಿವೃತ್ತರಾದವರಿಗೆ ಸಿಗುತ್ತಿದ್ದ ಪಿಂಚಣಿ ತೀರಾ ಕಡಿಮೆ. ಅದನ್ನು ಹೆಚ್ಚಿಸಿ ಎಂದು ಅವರು ಹಳೆಯ ಜೊತೆಗಾರರ ಪರವಾಗಿಯೂ ಕೇಳುತ್ತಲೇ ಇದ್ದರು. 2005ರ ಜೂನ್ 1ರಂದು ತೀರಿಕೊಂಡಾಗ ಅಂತ್ಯಕ್ರಿಯೆಯ ಖರ್ಚು ವಹಿಸಿಕೊಂಡವರು ಅವರಂತೆಯೇ ಲೇಕರ್ಸ್‌ಗೆ ಆಡಿದ್ದ ಷಕೀಲ್ ಓನೀಲ್.

ಮೈಕನ್‌ಗಾಗಿ ಅಷ್ಟು ಬೇಗ ನಿಯಮ ತಿದ್ದಿದವರು, ಪಿಂಚಣಿಯ ನಿಯಮ ತಿದ್ದಲು ಮಾತ್ರ ಅವರು ಬದುಕಿರುವತನಕ ಅವಸರ ಮಾಡಲಿಲ್ಲ.