ಕೂತ ಹಕ್ಕಿಯ ಲೆಕ್ಕ

ನಾನು ಇಟ್ಟಂಗಿಹಾಳದ ಹುಡುಗ, ಓದಿದ್ದು ಬಿ.ಕಾಂ. ಲೆಕ್ಕ ನನಗ ಬರ್ತೈತಿ ಅನ್ನೋ ಸೊಕ್ಕಿತ್ತು. ಅದು ಇಳಿದದ್ದು ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿಯಲ್ಲಿ, ಭದ್ರಾ ಹಿನ್ನೀರಿನ ದೋಣಿಯೊಳಗ.

ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದಂಗ ಅಲ್ಲಿ ಸಣ್ಣ ನಡುಗಡ್ಡೆಗಳು ಕಾಣ್ತಾವ. ರಿವರ್ ಟರ್ನ್ ಹಕ್ಕಿಗಳು ಗುಂಪು ಗುಂಪಾಗಿ ಬಂದು ಅಲ್ಲಿ ಮೊಟ್ಟೆ ಇಡ್ತಾವ. ಹಳದಿ ಕೊಕ್ಕು, ಕರಿ ನೆತ್ತಿ, ಕವಲು ಬಾಲ. ಗೂಡು ಅಂದ್ರ ಬರೀ ನೆಲದಾಗ ಒಂದು ಸಣ್ಣ ತಗ್ಗು. ಜಗತ್ತಿನ ಕೆಂಪು ಪಟ್ಟಿಯಲ್ಲಿ ಈ ಹಕ್ಕಿ ಅಪಾಯದಲ್ಲಿರುವ ಜಾತಿಗಳ ಸಾಲಿಗೆ ಸೇರೈತಿ.

ನಾನು ಹಾರಾಡೋವನ್ನೆಲ್ಲ ಎಣಿಸಿ ಬರೆದೆ. ಜೊತೆಗಿದ್ದ ಹಿರಿಯರು ನಕ್ಕರು: "ಒಂದೇ ಹಕ್ಕೀನ ಮೂರು ಸಲ ಬರ್ದಿದ್ದೀಯಲ್ಲ ಮಾರಾಯ!"

ಅವರು ಎಣಿಸಿದ್ದು ಕೂತ ಹಕ್ಕಿಗಳನ್ನ. ಕಾವಿಗೆ ಕೂತದ್ದು ಒಂದು ಅಂದ್ರ ಒಂದು ಗೂಡು, ಒಂದು ಜೋಡಿ. ದೊಡ್ಡ ಕಲ್ಲುಗಳನ್ನ ಗುರುತಿಟ್ಟುಕೊಂಡು ನಡುಗಡ್ಡೆಯನ್ನ ಪಾಲು ಮಾಡಬೇಕು. ಇಬ್ಬರು ಬ್ಯಾರೆ ಬ್ಯಾರೆ ಎಣಿಸಿ ಆಮೇಲೆ ತಾಳೆ ನೋಡಬೇಕು. ಇನ್ನೊಂದು ಮಾತು: ಈ ವಾರದ್ದು, ಮುಂದಿನ ವಾರದ್ದು ಕೂಡಿಸೋ ಹಂಗಿಲ್ಲ. ಮೊಟ್ಟೆ ಕಳಕೊಂಡ ಜೋಡಿ ಮತ್ತೆ ಇಡಬಹುದು. ಕೂಡಿಸಿದ್ರ ಒಂದೇ ಬಿಲ್ಲು ಎರಡು ಸಲ ಎಂಟ್ರಿ ಮಾಡಿದಂಗ.

"ಇಳಿದು ಸಮೀಪ ಹೋದ್ರ ಸರಿಯಾಗಿ ಕಾಣ್ತೈತಲ್ರಿ?" ಅಂದೆ. ಇಳಿಯೋ ಹಂಗೇ ಇಲ್ಲಂತ. ನಾವು ಕಾಲಿಟ್ರ ಎಲ್ಲಾ ಹಕ್ಕಿ ಒಮ್ಮೆಲೆ ಏಳ್ತಾವ. ನೆರಳಾಗಿ ಕೂತ ತಾಯಿ ಎದ್ದಮೇಲೆ ಬಿಸಿಲಿಗೆ ಮೊಟ್ಟೆ ಕೆಡ್ತಾವ. ಕಾಗೆ, ಹದ್ದು ಕಾಯ್ತಾನೇ ಇರ್ತಾವ. ಅದಕ್ಕೇ ದೂರದಿಂದ, ದುರ್ಬೀನಿನಲ್ಲಿ ಎಣಿಸಬೇಕು.

ಈ ಲೆಕ್ಕ ಯಾಕ ಬೇಕು? ನೀರು ಪೂರಾ ಇಳಿದ್ರ ನಡುಗಡ್ಡೆ ದಂಡೆಗೆ ಕೂಡ್ತೈತಿ, ನಾಯಿ ನರಿ ನಡಕೊಂಡೇ ಬರ್ತಾವ. ಮರಿ ಹಾರೋಕ್ಕಿಂತ ಮೊದಲು ನೀರು ಏರಿದ್ರ ಎಲ್ಲಾ ಮುಳುಗ್ತಾವ. ಎಷ್ಟು ಗೂಡು, ಎಷ್ಟು ಎತ್ತರದಾಗ ಅದಾವ ಅಂತ ಕಾಗದದ ಮ್ಯಾಲೆ ಇದ್ರ ಮಾತ್ರ ಆ ನಷ್ಟದ ಬಗ್ಗೆ ಯಾರನ್ನಾದ್ರೂ ಕೇಳಬಹುದು. ಬರೆದಿಡದ ನಷ್ಟ ಯಾರ ಖಾತೆಗೂ ಬರೋದಿಲ್ಲ.

ನಮ್ ಜಿಲ್ಲೆಯಾಗೂ ಆಲಮಟ್ಟಿ ಹಿನ್ನೀರು ಐತಿ. ಬ್ಯಾಸಗಿಯಾಗ ನಡುಗಡ್ಡೆ ಮ್ಯಾಲೆ ಹಕ್ಕಿ ಕೂತದ್ದು ಕಂಡ್ರ ರೀಲ್ ಮಾಡಾಕ ಅಲ್ಲಿಗೆ ಹೋಗಬ್ಯಾಡ್ರಿ. ದಂಡೆಯಾಗ ನಿಂತು ತಾರೀಖು ಹಾಕಿ, ಕೂತವನ್ನಷ್ಟೇ ಎಣಿಸಿ ಬರೀರಿ. ಮುಂದಿನ ವರ್ಷ ತಾಳೆ ನೋಡಾಕ ಅದೇ ಓಪನಿಂಗ್ ಬ್ಯಾಲೆನ್ಸ್.

ಸಿಗೋಣ್ರಿ.