ಸಂಬಳದ ಪಟ್ಟಿಯಲ್ಲಿ ಒಂದು ಅಕ್ಷರ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ಉದ್ಯೋಗ ಮಾರ್ಗದರ್ಶನದ ಬಗ್ಗೆ ಎರಡು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಡಾಕ್ಟರು, ಇಂಜಿನಿಯರು ಆಗುವುದನ್ನು ತಿಳಿಸಲು ಇಲ್ಲಿ ನನಗಿಂತ ಬಲ್ಲವರಿದ್ದಾರೆ. ನಾನು ಉರ್ದು, ಕನ್ನಡ ಕಲಿಸುವ ಶಿಕ್ಷಕಿ. ಆದರೆ ಬಿ.ಎ. ಮುಗಿಸಿ, ಬಿ.ಎಡ್. ಫೀಸಿಗೆ ಹಣ ಕೂಡಿಸಲೆಂದು ಎರಡು ವರ್ಷ ಒಂದು ಸಿದ್ಧ ಉಡುಪು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಸಂಬಳದ ಪಟ್ಟಿ ಮಾಡುವ ಸಹಾಯಕಿಯಾಗಿದ್ದೆ. ಇದಕ್ಕೆ ಪೇರೋಲ್ ಅಸಿಸ್ಟೆಂಟ್ ಎನ್ನುತ್ತಾರೆ. ವಾಣಿಜ್ಯ ಓದಿ, ಟ್ಯಾಲಿ, ಎಕ್ಸೆಲ್ ಕಲಿತ ನಮ್ಮ ಮಕ್ಕಳಿಗೆ ಒಪ್ಪುವ ಕೆಲಸ.

ಕೆಲಸ ಏನು? ಹಾಜರಿ ಪುಸ್ತಕ ನೋಡಿ ದಿನ ಎಣಿಸುವುದು, ರಜೆ, ಓವರ್‌ಟೈಮ್ ಸೇರಿಸುವುದು, ಕಡಿತ ಕಳೆಯುವುದು. ಒಬ್ಬರಿಗೆ ಮೂಲ ವೇತನ, ತುಟ್ಟಿಭತ್ಯೆ ಸೇರಿ 14,000 ರೂಪಾಯಿ ಎಂದಿಟ್ಟುಕೊಳ್ಳಿ. ಭವಿಷ್ಯ ನಿಧಿಗೆ ಶೇ. 12ರಂತೆ 1,680, ಇಎಸ್‌ಐಗೆ ಶೇ. 0.75ರಂತೆ 105 ಹೋಗಿ, ಕೈಗೆ 12,215 ಬರುತ್ತದೆ. ಮಾಲೀಕರೂ ತಮ್ಮ ಪಾಲು ಕೊಡಬೇಕು: ಭವಿಷ್ಯ ನಿಧಿಗೆ ಶೇ. 12, ಇಎಸ್‌ಐಗೆ ಶೇ. 3.25. ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಇವೆಲ್ಲ ಕಟ್ಟಿರಬೇಕು. ಗುಣಾಕಾರ ಬಂದರೆ ಸಾಕು, ಲೆಕ್ಕ ಕಷ್ಟವಲ್ಲ. ನಾನು ಎಡವಿದ್ದು ಲೆಕ್ಕದಲ್ಲಲ್ಲ, ಹೆಸರಿನಲ್ಲಿ.

2014ರಲ್ಲಿ ಭವಿಷ್ಯ ನಿಧಿಯ ಸದಸ್ಯರಿಗೆಲ್ಲ 12 ಅಂಕೆಯ ಯುಎಎನ್ ಸಂಖ್ಯೆ ಬಂತು. ನಮ್ಮ ಕಚೇರಿಯಲ್ಲಿ ಹೆಸರುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ಪಾಲಿಗೆ. ಹೊಲಿಗೆ ವಿಭಾಗದ ಒಬ್ಬ ಆಪಾ ಹೆಸರಿನ ಕೊನೆಯ 'ಬೀ' ಬಿಟ್ಟುಹೋಯಿತು, ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು ಬಿತ್ತು. ಸಂಬಳ ಮಾತ್ರ ಪ್ರತಿ ತಿಂಗಳೂ ಸರಿಯಾಗಿ ಹೋಗುತ್ತಿತ್ತು. ಹಾಗಾಗಿ ಯಾರ ಗಮನಕ್ಕೂ ಬರಲಿಲ್ಲ.

ನಾಲ್ಕು ವರ್ಷದ ನಂತರ ಆ ಆಪಾ ನನ್ನ ಶಾಲೆಯ ಗೇಟಿನ ಬಳಿ ನಿಂತಿದ್ದರು. ಕೆಲಸ ಬಿಟ್ಟು, ಮಗಳನ್ನು ನರ್ಸಿಂಗ್‌ಗೆ ಸೇರಿಸಲು ಭವಿಷ್ಯ ನಿಧಿಯ ಹಣ ಕೇಳಿದ್ದಾರೆ. ಆಧಾರಿನ ಹೆಸರಿಗೂ ಇದಕ್ಕೂ ತಾಳೆಯಾಗದೆ ಅರ್ಜಿ ಎರಡು ಸಲ ವಾಪಸು ಬಂದಿದೆ. "ಬೇಟೀ, ಈ ಹೆಸರು ಬರೆದದ್ದು ಯಾರು, ನಿನಗೆ ಗೊತ್ತಾ?" ಎಂದರು. ನಾನೇ ಎಂದು ಹೇಳಲು ನಾಲಿಗೆ ತಡವರಿಸಿತು. ಹೇಳಿದೆ. ಅವರು ಬಯ್ಯಲಿಲ್ಲ, ಬಯ್ದಿದ್ದರೆ ವಾಸಿಯಿತ್ತು. ತಿದ್ದುಪಡಿಗೆ ಕಾರ್ಮಿಕರು, ಮಾಲೀಕರು ಇಬ್ಬರೂ ಸಹಿ ಮಾಡಿದ ಜಂಟಿ ಘೋಷಣೆ ಆಗ ಬೇಕಿತ್ತು. ಅವರ ಜೊತೆ ಕಾರ್ಖಾನೆಗೂ ಭವಿಷ್ಯ ನಿಧಿ ಕಚೇರಿಗೂ ನಾಲ್ಕು ಸಲ ಓಡಾಡಿದೆ. ಹಣ ಬಂತು, ಆದರೆ ಅಷ್ಟರಲ್ಲಿ ಆ ವರ್ಷದ ಪ್ರವೇಶ ಮುಗಿದಿತ್ತು. ಹುಡುಗಿ ಒಂದು ವರ್ಷ ಮನೆಯಲ್ಲಿ ಕುಳಿತಳು.

ಮಹಮ್ಮದ್ ಎಂಬ ಹೆಸರನ್ನು ಉರ್ದುವಿನಲ್ಲಿ ಬರೆಯುವ ಬಗೆ ಒಂದೇ: ಮೀಮ್, ಹೇ, ಮೀಮ್, ದಾಲ್. ಇಂಗ್ಲಿಷಿಗೆ ಬಂದೊಡನೆ ಒಬ್ಬರು 'ಎಂ' ಒಂದು ಹಾಕುತ್ತಾರೆ, ಇನ್ನೊಬ್ಬರು ಎರಡು. ಮತ್ತೊಬ್ಬರು ಬರೀ 'ಎಂ.ಡಿ.' ಎಂದು ಕೈತೊಳೆದುಕೊಳ್ಳುತ್ತಾರೆ. ನಮ್ಮ ಹೆಣ್ಣುಮಕ್ಕಳ ಹೆಸರಿನಲ್ಲಂತೂ ಬೀ, ಬೇಗಂ, ಬಾನು ಬಂದು ಹೋಗುತ್ತಲೇ ಇರುತ್ತವೆ. ಅಂಕಪಟ್ಟಿಯಲ್ಲಿ ಒಂದು, ಆಧಾರಿನಲ್ಲಿ ಒಂದು, ಪ್ಯಾನ್‌ನಲ್ಲಿ ಮತ್ತೊಂದು. ತಪ್ಪು ಗುಮಾಸ್ತರದ್ದಷ್ಟೇ ಅಲ್ಲ. ಎಷ್ಟೋ ಜನರ ಹೆಸರನ್ನು ಮೊದಲ ಸಲ ಬರೆಯುವುದು ಶಾಲೆಯ ದಾಖಲಾತಿ ಪುಸ್ತಕದಲ್ಲಿ, ಅಂದರೆ ನಮ್ಮಂಥ ಶಿಕ್ಷಕರು.

ಆದ್ದರಿಂದ ಈ ಕೆಲಸಕ್ಕೆ ಸೇರುವ ಮಕ್ಕಳಿಗೆ ನನ್ನ ವಿನಂತಿ: ಹೊಸಬರು ಬಂದ ದಿನವೇ ಅವರ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಓದಿ. ಓದು ಬಾರದವರಾದರೆ ನೀವೇ ಓದಿ ಹೇಳಿ, ಅವರ ಬಾಯಿಂದ ಹೌದು ಎನಿಸಿಕೊಳ್ಳಿ.

ನಿಮ್ಮ ಹೆಸರುಗಳನ್ನೂ ನೋಡೋಣ. ಬರುವ ಭಾನುವಾರ ಹತ್ತು ಗಂಟೆಗೆ ಅಂಕಪಟ್ಟಿ, ಆಧಾರ್, ಪ್ಯಾನ್ ತೆಗೆದುಕೊಂಡು ಇದೇ ಸಭಾಂಗಣಕ್ಕೆ ಬನ್ನಿ. ತಾಯಂದಿರ ಭವಿಷ್ಯ ನಿಧಿಯ ಪಾಸ್‌ಬುಕ್ ಇದ್ದರೆ ಅದನ್ನೂ ತನ್ನಿ.