ಗಾಳಿ ಮತ್ತು ನೀರು: ಚೀನೀಯರ ನಿವೇಶನ ಶಾಸ್ತ್ರ

ಚೀನೀಯರ ಭಾಷೆಯಲ್ಲಿ ‘ಫೆಂಗ್’ ಎಂದರೆ ಗಾಳಿ, ‘ಶುಯಿ’ ಎಂದರೆ ನೀರು. ಈ ಎರಡು ಸಾಮಾನ್ಯ ಪದಗಳು ಕೂಡಿ ಒಂದು ಶಾಸ್ತ್ರದ ಹೆಸರಾಗಿವೆ. ನಗುವ ಬುದ್ಧನ ಬೊಂಬೆ, ಬಾಗಿಲಿಗೆ ಕಟ್ಟುವ ಕಿರುಗಂಟೆ ಮೊದಲಾದ ಸರಕುಗಳೊಡನೆ ಆ ಹೆಸರು ಈಗ ನಮ್ಮ ಅಂಗಡಿಬೀದಿಗಳಿಗೂ ಬಂದಿದೆ. ಈ ಹೊತ್ತು ನಾವು ವಿಚಾರ ಮಾಡಬೇಕೆಂದಿರುವುದು ಆ ಸರಕುಗಳನ್ನಲ್ಲ. ಈ ಶಾಸ್ತ್ರಕ್ಕೆ ಆಧಾರವೆನಿಸಿದ ಹಳೆಯ ಪುಸ್ತಕದ ಹೆಸರು ‘ಸಮಾಧಿ ಗ್ರಂಥ’ ಎಂಬುದನ್ನು ಶ್ರೋತೃಗಳು ಮೊದಲು ಗಮನಿಸಬೇಕು. ನಮ್ಮ ವಾಸ್ತುಶಾಸ್ತ್ರವು ದೇವಾಲಯ, ಮನೆ, ಪುರಗಳ ನಿರ್ಮಾಣವನ್ನು ಮುಖ್ಯವಾಗಿ ಹೇಳುವುದು. ಚೀನೀಯರಾದರೋ ಬದುಕಿರುವವರ ಮನೆಗಿಂತಲೂ ಸತ್ತವರ ಮನೆಯ ವಿಷಯದಲ್ಲಿ ಹೆಚ್ಚು ಚಿಂತೆಪಟ್ಟರು.

ಆ ಗ್ರಂಥವನ್ನು ಗುವೊ ಪು (276–324) ಎಂಬ ಪಂಡಿತನು ರಚಿಸಿದನೆಂದು ಪ್ರತೀತಿ. ಈಗ ದೊರೆಯುವ ಪಾಠವು ಬಹು ಶತಮಾನಗಳ ಈಚಿನದೆಂದು ವಿದ್ವಾಂಸರು ಹೇಳುವರು. ಅದರ ಸಿದ್ಧಾಂತ ಇಷ್ಟು: ಭೂಮಿಯಲ್ಲಿ ‘ಚಿ’ ಎಂಬ ಒಂದು ಪ್ರಾಣಶಕ್ತಿಯು ಬೆಟ್ಟಸಾಲುಗಳನ್ನು ಅನುಸರಿಸಿ ಹರಿಯುತ್ತಿರುವುದು. ಗಾಳಿ ಬೀಸುವೆಡೆಯಲ್ಲಿ ಅದು ಚದರಿಹೋಗುತ್ತದೆ. ನೀರು ಅಡ್ಡವಾದೆಡೆಯಲ್ಲಿ ನಿಲ್ಲುತ್ತದೆ. ಆದುದರಿಂದ ಗಾಳಿಗೆ ಮರೆಯಾಗಿ ನೀರಿಗೆ ಎದುರಾಗಿರುವ ಸ್ಥಳವೇ ಶ್ರೇಷ್ಠವಾದುದು. ಶಾಸ್ತ್ರದ ಹೆಸರಿಗೆ ಇದೇ ಮೂಲ.

ಹಾಗಾದರೆ ಸಮಾಧಿಗೆ ಇದರಿಂದ ಏನು ಪ್ರಯೋಜನ? ತಂದೆತಾಯಿಗಳ ಎಲುಬೂ ಮಕ್ಕಳ ದೇಹವೂ ಒಂದೇ ‘ಚಿ’ಯಿಂದ ಆದವು; ಎಲುಬಿಗೆ ದೊರೆತ ಶಕ್ತಿ ಮಕ್ಕಳಿಗೂ ಮುಟ್ಟುವುದು ಎಂದು ಅವರ ನಂಬಿಕೆ. ದೂರದ ತಾಮ್ರದ ಬೆಟ್ಟವು ಕುಸಿದಾಗ ಆ ಬೆಟ್ಟದ ತಾಮ್ರದಿಂದ ಎರಕಹೊಯ್ದ ಗಂಟೆಯು ತಾನಾಗಿ ನುಡಿಯಿತೆಂಬ ಕಥೆಯನ್ನು ಇದಕ್ಕೆ ದೃಷ್ಟಾಂತವಾಗಿ ಹೇಳುತ್ತಿದ್ದರು. ಕಥೆಯೇನೋ ಸೊಗಸಾಗಿದೆ, ಪ್ರಮಾಣವಲ್ಲ.

ಸ್ಥಳದ ಲಕ್ಷಣವನ್ನು ನಾಲ್ಕು ಪ್ರಾಣಿಗಳಿಂದ ಸೂಚಿಸುವರು. ಹಿಂದೆ, ಅಂದರೆ ಉತ್ತರಕ್ಕೆ, ಕರಿಯ ಆಮೆಯಂತೆ ಬೆಟ್ಟ. ಪೂರ್ವಕ್ಕೆ ನೀಲಹಸುರಿನ ಡ್ರ್ಯಾಗನ್. ಪಶ್ಚಿಮಕ್ಕೆ ಬಿಳಿಯ ಹುಲಿ. ಮುಂದೆ ದಕ್ಷಿಣಕ್ಕೆ ಕೆಂಪು ಹಕ್ಕಿ, ಅಲ್ಲಿ ಬಯಲೂ ಬಾಗಿ ಹರಿವ ನೀರೂ ಇರಬೇಕು. ತೋಳುಳ್ಳ ಕುರ್ಚಿಯಲ್ಲಿ ಕುಳಿತವನಂತೆ ಎಂದರೆ ಚಿತ್ರವು ಕಣ್ಣಿಗೆ ಕಟ್ಟೀತು. ಚಳಿಗಾಲದಲ್ಲಿ ಮಂಗೋಲಿಯದ ಕಡೆಯಿಂದ ಧೂಳೆಬ್ಬಿಸುತ್ತ ಬರುವ ಕೊರೆಯುವ ಗಾಳಿಗೆ ಬೆನ್ನುಮಾಡಿ, ದಕ್ಷಿಣದ ಬಿಸಿಲಿಗೆ ಮುಖಮಾಡಿ, ಪ್ರವಾಹವು ಮುಟ್ಟದಷ್ಟು ಎತ್ತರದಲ್ಲಿ ಮನೆಕಟ್ಟಿದ ಉತ್ತರ ಚೀನದ ರೈತನ ಅನುಭವವೇ ಇಲ್ಲಿ ಶಾಸ್ತ್ರವಾಗಿ ಮಾರ್ಪಟ್ಟಿದೆ ಎಂದು ನಮಗೆ ತೋರುತ್ತದೆ.

ಈ ಪ್ರಾಣಿಗಳಲ್ಲಿ ಎರಡು ಬಹು ಪ್ರಾಚೀನವಾದುವು. 1987ರಲ್ಲಿ ಹೆನಾನ್ ಪ್ರಾಂತದ ಪುಯಾಂಗ್ ಎಂಬಲ್ಲಿ ಸುಮಾರು ಆರು ಸಾವಿರ ವರ್ಷ ಹಿಂದಿನ ಒಂದು ಗೋರಿಯನ್ನು ಅಗೆದರು. ಅಸ್ಥಿಪಂಜರದ ಪೂರ್ವಕ್ಕೆ ಡ್ರ್ಯಾಗನ್, ಪಶ್ಚಿಮಕ್ಕೆ ಹುಲಿ, ಎರಡೂ ಚಿಪ್ಪುಗಳನ್ನು ಜೋಡಿಸಿ ಮಾಡಿದುವು. ಅಂದಿನವರಿಗೆ ಈ ಶಾಸ್ತ್ರ ತಿಳಿದಿತ್ತೆಂದು ಇಷ್ಟರಿಂದ ಹೇಳಲಾಗದು. ಆ ಚಿತ್ರಗಳು ಶಾಸ್ತ್ರಕ್ಕಿಂತ ಹಳೆಯವು ಎನ್ನಲಡ್ಡಿಯಿಲ್ಲ.

ಪ್ರಕೃತಿಯು ಬೆಟ್ಟವನ್ನು ಕೊಡದಿದ್ದರೆ? ಚಕ್ರವರ್ತಿಗಳಾದವರು ಕಟ್ಟಿಸಿಯಾರು! ಪೆಕಿಂಗಿನ ಅರಮನೆಯು 1406ರಿಂದ 1420ರ ವರೆಗೆ ನಿರ್ಮಾಣವಾಯಿತು. ಕಂದಕವನ್ನು ತೋಡಿದ ಮಣ್ಣನ್ನು ಅದರ ಉತ್ತರಕ್ಕೆ ರಾಶಿಹಾಕಿ ‘ಜಿಂಗ್‌ಶಾನ್’ ಎಂಬ ಗುಡ್ಡವನ್ನು ಎಬ್ಬಿಸಿದರು. ಮುಂಭಾಗದಲ್ಲಿ ಬಿಲ್ಲಿನಂತೆ ಬಾಗಿದ ಕಾಲುವೆಯುಂಟು. ಅದೇ ಮಿಂಗ್ ವಂಶದ ಹದಿಮೂರು ಚಕ್ರವರ್ತಿಗಳ ಸಮಾಧಿಗಳು ನಗರದ ಉತ್ತರಕ್ಕೆ, ಬೆಟ್ಟಗಳು ಸುತ್ತುವರಿದ ಒಂದು ಕಣಿವೆಯಲ್ಲಿವೆ. ಮೊದಲನೆಯದನ್ನು 1409ರಲ್ಲಿ ಆರಂಭಿಸಿದರು.

ಕಾಲಕ್ರಮದಲ್ಲಿ ಎರಡು ಪಂಥಗಳಾದುವು. ಜಿಯಾಂಗ್‌ಶಿಯವರು ಬೆಟ್ಟನೀರುಗಳ ಆಕಾರವನ್ನು ನೋಡುವರು. ಫುಜಿಯಾನಿನವರು ಸೂಜಿಗಲ್ಲಿನ ಯಂತ್ರವನ್ನಿಟ್ಟುಕೊಂಡು ಇಪ್ಪತ್ತನಾಲ್ಕು ದಿಕ್ಕುಗಳನ್ನು ಎಣಿಸುವರು. ಈ ಎರಡನೆಯವರಿಗೆ ಲೋಕವು ಋಣಿಯಾಗಿದೆ. ಸೂಜಿಯು ನೇರ ದಕ್ಷಿಣವನ್ನು ತೋರದೆ ತುಸು ಪೂರ್ವಕ್ಕೆ ವಾಲುವುದೆಂದು ಶೆನ್ ಕುವೊ ಎಂಬಾತನು 1088ರ ಸುಮಾರಿನಲ್ಲಿಯೇ ಬರೆದಿಟ್ಟನು. ನಾವಿಕರಿಗಿಂತ ಮುಂಚೆ ಸೂಜಿಯನ್ನು ಬಳಸಿದವರು ಈ ಸ್ಥಳಪರೀಕ್ಷಕರೇ ಎಂಬುದು ಅನೇಕ ವಿದ್ವಾಂಸರ ಮತ.

ಇದರ ಬೆಲೆಯನ್ನು ತೆತ್ತವರು ಸಂಸಾರಿಗಳು. ಒಂದೇ ಗೋರಿಯ ಒಂದು ಪಾರ್ಶ್ವವು ಹಿರಿಯ ಮಗನಿಗೂ ಇನ್ನೊಂದು ಕಿರಿಯನಿಗೂ ಅನುಕೂಲವೆಂದು ಹೇಳಿದ ಮೇಲೆ ಅಣ್ಣತಮ್ಮಂದಿರಲ್ಲಿ ಜಗಳ ಹುಟ್ಟದಿರುವುದೆ? ಒಳ್ಳೆಯ ಜಾಗವನ್ನೂ ಮುಹೂರ್ತವನ್ನೂ ಅರಸುತ್ತ ಹೆತ್ತವರ ಪೆಟ್ಟಿಗೆಯನ್ನು ವರ್ಷಗಟ್ಟಲೆ ಹೂಳದೆ ಇಟ್ಟವರುಂಟು. ಸುಂಗ್ ಕಾಲದ ಪ್ರಸಿದ್ಧ ಇತಿಹಾಸಕಾರನೂ ರಾಜನೀತಿಜ್ಞನೂ ಆದ ಸಿಮಾ ಗುವಾಂಗ್ ಇದನ್ನು ಕಂಡು ನೊಂದು 1084ರಲ್ಲಿ ಒಂದು ಪ್ರಬಂಧವನ್ನು ಬರೆದನು. ಸಮಾಧಿ ಗ್ರಂಥಗಳನ್ನೆಲ್ಲ ನಿಷೇಧಿಸಬೇಕೆಂದು ಅವನು ಹಿಂದೆ ಬಿನ್ನಹ ಮಾಡಿದ್ದನು, ಅಧಿಕಾರದಲ್ಲಿದ್ದವರು ಕಿವಿಗೊಡಲಿಲ್ಲ. ಪ್ರಬಂಧದಲ್ಲಿ ಅವನು ತನ್ನ ಮನೆಯ ಸಂಗತಿಯನ್ನೇ ಹೇಳಿದ್ದಾನೆ. ತಂದೆ ತೀರಿಕೊಂಡಾಗ, ಶಾಸ್ತ್ರಿಯನ್ನು ಕೇಳಲೇಬೇಕೆಂದು ಬಂಧುಗಳು ಹಟಹಿಡಿದರು. ಅಣ್ಣನು ನೆರೆಹಳ್ಳಿಯ ಚಾಂಗ್ ಎಂಬವನನ್ನು ಕರೆಸಿ, ಇಪ್ಪತ್ತು ಸಾವಿರ ಕಾಸು ಕೊಡುವುದಾಗಿಯೂ ತಾನು ಹೇಳಿದಂತೆ ಕೇಳದಿದ್ದರೆ ಬೇರೊಬ್ಬನನ್ನು ಹುಡುಕುವುದಾಗಿಯೂ ತಿಳಿಸಿದನು. ಚಾಂಗ್ ಒಪ್ಪಿದನು. ದಿನ, ಗಳಿಗೆ, ಗುಂಡಿಯ ಆಳ, ದಾರಿ ಎಲ್ಲವನ್ನೂ ಅಣ್ಣನೇ ತನಗೆ ಅನುಕೂಲವಾದಂತೆ ಗೊತ್ತುಮಾಡಿದನು, ಚಾಂಗ್ ಅದಕ್ಕೆ ಶಾಸ್ತ್ರದ ಮಾತುಗಳನ್ನು ಹೊಂದಿಸಿ ಬಹು ಶುಭವೆಂದು ಸಾರಿದನು, ಬಂಧುಗಳು ಸಂತೋಷಪಟ್ಟರು. ಪ್ರಬಂಧ ಬರೆಯುವಾಗ ಅಣ್ಣನಿಗೆ ಎಪ್ಪತ್ತೊಂಬತ್ತು ವರ್ಷ, ತಮ್ಮನಿಗೆ ಅರುವತ್ತಾರು. ವಂಶದಲ್ಲಿ ಇಪ್ಪತ್ತಮೂರು ಮಂದಿ ಸರ್ಕಾರದ ಉದ್ಯೋಗದಲ್ಲಿದ್ದರು.